‘ಕಾನ್‌ಸ್ಟಿಟ್ಯೂಷನಲಿ’ ಅನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳುತ್ತೀರಿ?

ವೇದಾವತಿ:
ಎಲ್ಲರಿಗೂ ನಮಸ್ಕಾರ. ಗ್ರಾಮ ಪಂಚಾಯಿತಿಗೆ ಹೊಸದಾಗಿ ಆರಿಸಿ ಬಂದವರಿಗಾಗಿ ಒಂದು ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ನಲವತ್ತು ಪುಟ. ಅದರಲ್ಲಿ ‘ಕಾನ್‌ಸ್ಟಿಟ್ಯೂಷನಲಿ’ ಅನ್ನುವ ಪದ ಹದಿನೇಳು ಸಲ ಬಂದಿದೆ. ನಿಘಂಟು ನೋಡಿ ಎಲ್ಲಾ ಕಡೆ ‘ಸಂವಿಧಾನಿಕವಾಗಿ’ ಅಂತ ಹಾಕಿ ಮುಂದೆ ಹೋಗಿದ್ದೆ.

ನಿನ್ನೆ ರಾತ್ರಿ ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರು ನಮ್ಮೂರಿನ ಪಂಚಾಯಿತಿ ಸದಸ್ಯೆ, ಏಳನೇ ಕ್ಲಾಸಿನವರೆಗೆ ಓದಿದ್ದಾರೆ. ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದರು. ‘ಪಂಚಾಯಿತಿಗಳು ಸಂವಿಧಾನಿಕವಾಗಿ ಮಾನ್ಯತೆ ಪಡೆದ ಸಂಸ್ಥೆಗಳಾಗಿವೆ’ ಅನ್ನುವ ಸಾಲು ಬಂದಾಗ ಕೈ ನಿಂತಿತು. ‘ಮಾನ್ಯತೆ ಕೊಟ್ಟಿದ್ದು ಯಾರು? ಬೆಂಗಳೂರಿನೋರಾ, ಡೆಲ್ಲಿಯೋರಾ?’ ಅಂದರು. ‘ಸಂವಿಧಾನ ಕೊಟ್ಟಿದ್ದು ಚಿಕ್ಕಮ್ಮ’ ಅಂದೆ. ‘ಹಂಗಂತಾನೇ ಬರಿ ಮತ್ತೆ’ ಅಂದು ಮತ್ತೆ ಸುಲಿಯೋಕೆ ಶುರು ಮಾಡಿದರು.

ಆಮೇಲೆ ನಿದ್ದೆ ಬರಲಿಲ್ಲ. ಹದಿನೇಳೂ ಸಾಲುಗಳನ್ನು ಮತ್ತೆ ತೆಗೆದು ನೋಡಿದೆ. ಒಂದೊಂದು ಕಡೆ ಆ ಪದ ಒಂದೊಂದು ಕೆಲಸ ಮಾಡುತ್ತಿದೆ. ಒಂದು ಸಾಲಂತೂ ಸಂವಿಧಾನಕ್ಕೆ ಸಂಬಂಧಪಟ್ಟದ್ದೇ ಅಲ್ಲ: ಹಳೆಯ ಅಧ್ಯಕ್ಷರೊಬ್ಬರ ಬಗ್ಗೆ ‘ಅವರು ಕಾನ್‌ಸ್ಟಿಟ್ಯೂಷನಲಿ ಸುಳ್ಳು ಹೇಳಲಾರದವರು’ ಅಂತಿದೆ! ನೀವೆಲ್ಲ ಇದನ್ನು ಹೇಗೆ ಬರೆಯುತ್ತೀರಿ?

ಕೆಂಪುಪೆನ್ನು:
ಮೊದಲು ಕಾಗುಣಿತ ಸರಿಮಾಡಿಕೊಳ್ಳೋಣ ತಾಯಿ. ‘ಸಂವಿಧಾನಿಕ’ ಅಲ್ಲ, ‘ಸಾಂವಿಧಾನಿಕ’. ‘ಇಕ’ ಸೇರಿದಾಗ ಪದದ ಮೊದಲ ಸ್ವರ ಹಿಗ್ಗುತ್ತದೆ. ಸಮಾಜ ಸಾಮಾಜಿಕ ಆಗುತ್ತದೆ, ಇತಿಹಾಸ ಐತಿಹಾಸಿಕ ಆಗುತ್ತದೆ. ಹಾಗೇ ಇದೂ. ಹಿಂದಿಯವರು ನಡುವಿನ ಸ್ವರ ಹಿಗ್ಗಿಸಿ ‘ಸಂವೈಧಾನಿಕ’ ಅನ್ನುತ್ತಾರೆ. ದೆಹಲಿಯ ಪ್ರಕಟಣೆಗಳ ಜೊತೆ ಅದೂ ನಮ್ಮ ಕಡೆ ನುಸುಳುತ್ತಿದೆ. ನಾನು ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತೆಂಟು ವರ್ಷ ಕೂತವನು. ದಿನಕ್ಕೆ ಒಂದು ಸಲವಾದರೂ ಇದನ್ನು ತಿದ್ದಿದ್ದೇನೆ.

ಇನ್ನೊಂದು ವಿಷಯ. ನಾನು ಕೆಲಸಕ್ಕೆ ಸೇರಿದಾಗ ಹಿರಿಯರು ‘ರಾಜ್ಯಾಂಗ’ ಅಂತ ಬರೆಯುತ್ತಿದ್ದರು. ‘ರಾಜ್ಯಾಂಗಬದ್ಧ’, ‘ರಾಜ್ಯಾಂಗ ಬಿಕ್ಕಟ್ಟು’. ತೆಲುಗಿನಲ್ಲಿ ಇವತ್ತಿಗೂ ರಾಜ್ಯಾಂಗವೇ. ಮಲಯಾಳದಲ್ಲಿ ಭರಣಘಟನೆ, ಮರಾಠಿಯಲ್ಲಿ ರಾಜ್ಯಘಟನೆ. ನಮ್ಮಲ್ಲಿ ಸಂವಿಧಾನ ಗೆದ್ದಿತು. ಆದರೆ ‘ರಾಜ್ಯಾಂಗಬದ್ಧವಾಗಿ’ ಅಂದರೆ ಅರ್ಥ ಆಗುತ್ತಿತ್ತು. ಬದ್ಧ ಅಂದರೆ ಕಟ್ಟಿಗೆ ಒಳಗಾದದ್ದು. ಸಾಂವಿಧಾನಿಕವಾಗಿ ಅಂದರೆ ಬಾಯಿ ತುಂಬುತ್ತದೆ, ಮನಸ್ಸಿಗೆ ಏನೂ ಸಿಗುವುದಿಲ್ಲ. ನಿಮ್ಮ ಚಿಕ್ಕಮ್ಮ ಹೇಳಿದ್ದು ಸರಿ.

ಕರಿಕೋಟು ಧಾರವಾಡ:
ವಕೀಲಿ ಮಾಡುವವನಾಗಿ ಎರಡು ಮಾತು ಸೇರಿಸುತ್ತೇನೆ ಅಕ್ಕಾರ.

ಇಂಗ್ಲಿಷಿನವರು ಈ ಒಂದೇ ಪದವನ್ನು ಎಲ್ಲಿ ಬೇಕೋ ಅಲ್ಲಿ ಸಿಕ್ಕಿಸುತ್ತಾರೆ. ಕೋರ್ಟಿನ ತೀರ್ಪಿನಲ್ಲಿ ಸುಮ್ನೆ ಒಂದು ಪುಟ ತೆಗೆದರೂ ಸಿಗುತ್ತದೆ. ಅದನ್ನು ಕನ್ನಡಕ್ಕೆ ತರುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಸಾಲಿನಲ್ಲಿ ಸಂವಿಧಾನ ಏನು ಮಾಡುತ್ತಿದೆ? ಹಕ್ಕನ್ನು ಕೊಡುತ್ತಿದೆಯಾ, ಕೆಲಸಕ್ಕೆ ದಾರಿ ತೋರಿಸುತ್ತಿದೆಯಾ, ಯಾರನ್ನಾದರೂ ತಡೆಯುತ್ತಿದೆಯಾ, ಅಥವಾ ಅದನ್ನು ತಕ್ಕಡಿ ಮಾಡಿಕೊಂಡು ಬೇರೇನನ್ನೋ ತೂಗುತ್ತಿದ್ದಾರಾ?

ಒಂದು ಉದಾಹರಣೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನದ ಬಗ್ಗೆ ತೀರ್ಪು ಕೊಟ್ಟಿತು. ಅರ್ಜಿ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಖಾಸಗಿತನ ಅನ್ನುವುದು ‘ಕಾನ್‌ಸ್ಟಿಟ್ಯೂಷನಲಿ ಪ್ರೊಟೆಕ್ಟೆಡ್’ ಹಕ್ಕು ಅಂತ ಅದರಲ್ಲಿ ಬರುತ್ತದೆ. ‘ಸಾಂವಿಧಾನಿಕವಾಗಿ ಸಂರಕ್ಷಿತ ಹಕ್ಕು’ ಅಂದರೆ ತಪ್ಪಲ್ಲ. ಆದರೆ ‘ಸಂವಿಧಾನವೇ ಕಾಯುವ ಹಕ್ಕು’ ಅಂದು ನೋಡಿ. ಕಾಯುವವರು ಯಾರು ಅಂತ ಒಂದೇ ಏಟಿಗೆ ಗೊತ್ತಾಯಿತು. ಸಂವಿಧಾನ ಏನನ್ನೋ ಕೊಡುವಲ್ಲಿ, ತಡೆಯುವಲ್ಲಿ, ಕಾಯುವಲ್ಲಿ ಅದನ್ನೇ ಕರ್ತೃ ಮಾಡಿ. ‘ಆಗಿ’ ಬೇಡವೇ ಬೇಡ.

ದಾರಿ ತೋರಿಸುವ ಕಡೆ ‘ಸಂವಿಧಾನದ ಪ್ರಕಾರ’ ಚೆನ್ನಾಗಿ ಒಗ್ಗುತ್ತದೆ. 356ನೇ ವಿಧಿಯಲ್ಲಿ ಇರುವುದೂ ಅದೇ: ರಾಜ್ಯದ ಸರ್ಕಾರವನ್ನು ಸಂವಿಧಾನದ ಉಪಬಂಧಗಳಿಗೆ ಅನುಸಾರವಾಗಿ ನಡೆಸಲು ಆಗದ ಸ್ಥಿತಿ ಬಂದರೆ ಅಂತ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿದ್ದು ಇದೇ ವಿಧಿ ಹಿಡಿದು. ಬಹುಮತ ಇದೆಯೋ ಇಲ್ಲವೋ ಅಂತ ರಾಜಭವನದಲ್ಲಿ ಕೂತು ಲೆಕ್ಕ ಹಾಕುವುದಲ್ಲ, ಸದನದಲ್ಲೇ ನೋಡಬೇಕು ಅಂತ 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಡೀ ಜಗಳ ನಡೆದದ್ದು ‘ಅನುಸಾರವಾಗಿ’ ಅನ್ನುವ ಒಂದು ಕ್ರಿಯಾವಿಶೇಷಣದ ಮೇಲೆ ಅಂದರೂ ನಡೆದೀತು.

ಇನ್ನು ತೂಗುವ ಕಡೆ. ‘ಕಾನ್‌ಸ್ಟಿಟ್ಯೂಷನಲಿ ಸಸ್ಪೆಕ್ಟ್’ ಅನ್ನುವುದನ್ನು ಯಾರೋ ‘ಸಾಂವಿಧಾನಿಕವಾಗಿ ಶಂಕಿತ’ ಅಂತ ಬರೆದದ್ದು ಓದಿದ್ದೇನೆ. ಓದಿದರೆ ಸಂವಿಧಾನವೇ ಯಾರ ಮೇಲೋ ಸಂಶಯ ಪಟ್ಟ ಹಾಗಿದೆ! ಅಲ್ಲಿ ‘ಸಂವಿಧಾನದ ದೃಷ್ಟಿಯಿಂದ ನೋಡಿದರೆ ನಿಲ್ಲುವುದು ಕಷ್ಟ’ ಅನ್ನಬೇಕು. ಸ್ವಲ್ಪ ಉದ್ದ ಆಯಿತು, ಇರಲಿ.

ವೇದಾವತಿ:
ವಕೀಲರೇ, ತುಂಬಾ ಉಪಕಾರ. ಹಾಗಾದರೆ ಈ ಸಾಲು: ‘ಗ್ರಾಮಸಭೆಗೆ ಕಾನ್‌ಸ್ಟಿಟ್ಯೂಷನಲಿ ಅಧಿಕಾರ ಇದೆ’. ಇದನ್ನು ‘ಗ್ರಾಮಸಭೆಗೆ ಸಂವಿಧಾನವೇ ಅಧಿಕಾರ ಕೊಟ್ಟಿದೆ’ ಅಂತ ಮಾಡಿದ್ದೇನೆ. ಸರಿ ಅಲ್ವಾ?

ಕರಿಕೋಟು ಧಾರವಾಡ:
ಇಲ್ಲೇ ನಿಲ್ಲಿ ಅಕ್ಕಾರ. ಕನ್ನಡ ಸರಿ ಇದೆ, ಸಂಗತಿ ತಪ್ಪಿದೆ. ತಪ್ಪು ನಿಮ್ಮದಲ್ಲ, ಮೂಲದ್ದು.

243ಎ ವಿಧಿ ಓದಿ. ರಾಜ್ಯದ ಶಾಸಕಾಂಗ ಕಾನೂನು ಮಾಡಿ ಯಾವ ಅಧಿಕಾರ ಕೊಡುತ್ತದೋ ಅದನ್ನು ಗ್ರಾಮಸಭೆ ಚಲಾಯಿಸಬಹುದು ಅಂತಿದೆ. ಅಂದರೆ ಗ್ರಾಮಸಭೆಯ ಹೆಸರು ಸಂವಿಧಾನದಲ್ಲಿದೆ, ಅಧಿಕಾರ ಇರುವುದು ರಾಜ್ಯದ ಕಾನೂನಿನಲ್ಲಿ. ನಮ್ಮಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆ. ಪಂಚಾಯಿತಿಗೆ ಕೊಡಬಹುದು ಅಂತ ಹನ್ನೊಂದನೇ ಅನುಸೂಚಿಯಲ್ಲಿ ಪಟ್ಟಿ ಮಾಡಿದ 29 ವಿಷಯಗಳದ್ದೂ ಅದೇ ಕಥೆ. ಪಟ್ಟಿ ಸಂವಿಧಾನದ್ದು, ಕೊಡುವ ಕೈ ರಾಜ್ಯದ್ದು. ನೀವು ಕರ್ತೃವನ್ನು ಹುಡುಕಿದ್ದಕ್ಕೆ ಈ ತಪ್ಪು ಹೊರಗೆ ಬಂತು. ‘ಸಾಂವಿಧಾನಿಕವಾಗಿ ಅಧಿಕಾರ ಹೊಂದಿದೆ’ ಅಂತ ಬರೆದಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹಳೇಮಂಡಲ:
ಈ ಮಾತಿಗೆ ನಾನು ಬಾಯಿ ಹಾಕಲೇಬೇಕು. ನಾನು 1987ರಲ್ಲಿ ಮಂಡಲ ಪಂಚಾಯಿತಿಗೆ ಆರಿಸಿ ಬಂದವನು. ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲ. ಹಳ್ಳಿಗಳಲ್ಲಿ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅಂತ ಹೆಸರಾದವರು. 1983ರಲ್ಲಿ ಕಾನೂನು ಬಂತು, ನಾಲ್ಕು ವರ್ಷದ ಮೇಲೆ ಚುನಾವಣೆ ಆಯಿತು. ಹೆಣ್ಣುಮಕ್ಕಳಿಗೆ ನೂರಕ್ಕೆ ಇಪ್ಪತ್ತೈದು ಸೀಟು. ಆಗ ದೇಶದಲ್ಲೇ ಅದು ದೊಡ್ಡ ಮಾತು.

ಆದರೆ ನಮ್ಮದು ಬರೀ ರಾಜ್ಯದ ಕಾನೂನು. ಐದು ವರ್ಷ ಮುಗಿಯಿತು, ಮತ್ತೆ ಚುನಾವಣೆ ಆಗಲಿಲ್ಲ. ಆಡಳಿತಾಧಿಕಾರಿ ಬಂದು ಚಾರ್ಜ್ ತೆಗೆದುಕೊಂಡರು. ಬೀರುವಿನ ಬೀಗದ ಕೈ ಗೊಂಚಲನ್ನು ನಮ್ಮ ಪ್ರಧಾನರು, ಅಂದರೆ ಮಂಡಲದ ಮುಖ್ಯಸ್ಥರು, ಮೇಜಿನ ಮೇಲೆ ಇಟ್ಟು ಹೊರಗೆ ಬಂದದ್ದು ಇನ್ನೂ ಕಣ್ಣಲ್ಲಿದೆ. ಅವರು ಒಂದು ಮಾತೂ ಆಡಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ನಾವಿಬ್ಬರೂ ನಡೆದುಕೊಂಡೇ ಹೋದೆವು. ಚುನಾವಣೆ ಮಾಡಿ ಅಂತ ಯಾರನ್ನು ಕೇಳಬೇಕು, ಯಾವ ಬಲದ ಮೇಲೆ ಕೇಳಬೇಕು ಅನ್ನುವುದೇ ನಮಗೆ ಗೊತ್ತಿರಲಿಲ್ಲ.

ಆಮೇಲೆ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂತು. 1993ರ ಏಪ್ರಿಲ್ 24ರಿಂದ ಜಾರಿ. 243ಇ ವಿಧಿಯಲ್ಲಿ ಐದು ವರ್ಷ, ಅದಕ್ಕಿಂತ ಜಾಸ್ತಿ ಇಲ್ಲ, ಅವಧಿ ಮುಗಿಯುವ ಮುಂಚೆ ಚುನಾವಣೆ ಮುಗಿದಿರಬೇಕು ಅಂತ ಬರೆದರು. ‘ಕಾನೂನಿನ ಪ್ರಕಾರ’ ಅನ್ನುವುದಕ್ಕೂ ‘ಸಂವಿಧಾನದ ಪ್ರಕಾರ’ ಅನ್ನುವುದಕ್ಕೂ ಇರುವ ವ್ಯತ್ಯಾಸ ನನಗೆ ಆ ಬೀಗದ ಕೈ ಗೊಂಚಲು. ತಂಗಿ, ನಿಮ್ಮ ಕೈಪಿಡಿಯಲ್ಲಿ ಈ ಎರಡನ್ನು ದಯವಿಟ್ಟು ಕಲಸಬೇಡಿ.

ಕೆಂಪುಪೆನ್ನು:
ಹಿರಿಯರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಸಂವಿಧಾನದಲ್ಲಿ ಬರೆದ ಮಾತ್ರಕ್ಕೆ ತಾನಾಗಿ ನಡೆಯುತ್ತದೆ ಅಂತಲೂ ಇಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೇ ಹೋಯಿತಲ್ಲ. ಆದರೆ ಈಗ ಕೋರ್ಟಿಗೆ ಹೋಗಿ ಕೇಳುವುದಕ್ಕೆ ಒಂದು ಸಾಲು ಇದೆ. ನಿಮಗೆ ಆ ಸಾಲು ಇರಲಿಲ್ಲ.

ಮಧುವಾಹಿನಿ ಕಾಸರಗೋಡು:
ಏಪ್ರಿಲ್ 24 ಅಂದ ಕೂಡಲೇ ನೆನಪಾಯಿತು. ಅದಕ್ಕೆ ಸರಿಯಾಗಿ ಇಪ್ಪತ್ತು ವರ್ಷ ಮುಂಚೆ, 1973ರ ಏಪ್ರಿಲ್ 24ರಂದೇ ಸುಪ್ರೀಂ ಕೋರ್ಟಿನ ಕೇಶವಾನಂದ ಭಾರತಿ ತೀರ್ಪು ಬಂದದ್ದು. ಆ ಕೇಸು ಹಾಕಿದ ಕೇಶವಾನಂದ ಭಾರತಿ ಸ್ವಾಮಿಗಳ ಎಡನೀರು ಮಠ ನಮ್ಮ ಮನೆಯಿಂದ ದೂರ ಇಲ್ಲ. ಸ್ವಾಮಿಗಳು ಯಕ್ಷಗಾನ, ಸಂಗೀತ ಅಂದರೆ ಜೀವ ಬಿಡುತ್ತಿದ್ದವರು. ಮಠದ ಆಟಕ್ಕೆ ನಾವು ಸಣ್ಣವರಿರುವಾಗ ಚಾಪೆ ಹಿಡಿದುಕೊಂಡು ಹೋಗುತ್ತಿದ್ದೆವು. ಅಲ್ಲಿ ಕೂತ ಸ್ವಾಮಿಗಳ ಹೆಸರು ದೇಶದ ಎಲ್ಲಾ ಕಾನೂನು ಕಾಲೇಜಿನಲ್ಲಿ ಕೇಳುತ್ತದೆ ಅಂತ ದೊಡ್ಡವನಾದ ಮೇಲೆಯೇ ಗೊತ್ತಾದದ್ದು.

ಈ ಚರ್ಚೆಗೆ ಅದು ಯಾಕೆ ಬೇಕು ಅಂದರೆ, ಅಲ್ಲಿ ಈ ಪದ ಎರಡಾಗಿ ಸೀಳಿಹೋಯಿತು. 368ನೇ ವಿಧಿ ಹೇಳಿದ ಹಾಗೆಯೇ, ಬೇಕಾದಷ್ಟು ಮತ ಹಾಕಿಸಿ, ರಾಷ್ಟ್ರಪತಿಗಳ ಅಂಕಿತ ತೆಗೆದುಕೊಂಡು ಒಂದು ತಿದ್ದುಪಡಿ ತಂದರು ಅಂತ ಇಟ್ಟುಕೊಳ್ಳಿ. ಅದು ಸಂವಿಧಾನದ ಪ್ರಕಾರವೇ ಆದದ್ದು. ಆದರೂ ಸಂವಿಧಾನದ ಮೂಲ ಸ್ವರೂಪವನ್ನೇ ಕೆಡಿಸುವುದಾದರೆ ಅದು ನಿಲ್ಲುವುದಿಲ್ಲ ಅಂತ ಹದಿಮೂರು ನ್ಯಾಯಮೂರ್ತಿಗಳಲ್ಲಿ ಏಳು ಮಂದಿ ಹೇಳಿದರು. ಆರು ಮಂದಿ ಒಪ್ಪಲಿಲ್ಲ. ಹಾಗಾಗಿ ‘ಸಂವಿಧಾನದ ಪ್ರಕಾರ’ ಅನ್ನುವುದು ನಡೆದ ದಾರಿಯ ಮಾತು, ‘ಸಂವಿಧಾನಬದ್ಧ’ ಅನ್ನುವುದು ಒಳಗಿನ ತಿರುಳಿನ ಮಾತು. ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ಪದ. ನಮಗೆ ಎರಡು ಇವೆ. ಇದ್ದದ್ದನ್ನು ಬೇರೆ ಬೇರೆಯಾಗಿ ಬಳಸಬಾರದಾ?

ಕರಿಕೋಟು ಧಾರವಾಡ:
ಭಾಳ ಚಲೋ ಹೇಳಿದಿರಿ. ನಾನು ಇಷ್ಟು ದಿನ ಎರಡನ್ನೂ ಅದಲು ಬದಲು ಮಾಡಿ ಬರೆಯುತ್ತಿದ್ದೆ. ಇನ್ನು ಮೇಲೆ ಇಲ್ಲ.

ಥೇಮ್ಸ್‌ದಂಡೆ:
ಲಂಡನ್ನಿನಿಂದ ಬರೆಯುತ್ತಿದ್ದೇನೆ. ಇಲ್ಲಿಯ ಸುದ್ದಿಯನ್ನು ಕನ್ನಡಕ್ಕೆ ಮಾಡುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ಈ ದೇಶದಲ್ಲಿ ‘ಸಂವಿಧಾನದ ಪ್ರಕಾರ’ ಅಂತ ಬರೆದರೆ ಓದುವವರು ಎಲ್ಲೋ ಒಂದು ಪುಸ್ತಕ ಇದೆ ಅಂದುಕೊಳ್ಳುತ್ತಾರೆ. ಅಂಥ ಒಂದೇ ಪುಸ್ತಕ ಇಲ್ಲಿಲ್ಲ. ಕೆಲವು ಹಳೇ ಕಾಯ್ದೆಗಳು, ಕೋರ್ಟಿನ ತೀರ್ಪುಗಳು, ಮತ್ತೆ ತಲೆಮಾರುಗಳಿಂದ ನಡೆದುಕೊಂಡು ಬಂದ ವಾಡಿಕೆ, ಇಷ್ಟು ಸೇರಿ ಇವರ ಸಂವಿಧಾನ.

ಕಳೆದ ವರ್ಷ ಮಾವನವರು ಮೈಸೂರಿನಿಂದ ಬಂದಿದ್ದರು. ಟಿವಿಯಲ್ಲಿ ಯಾರೋ, ಸಂಸತ್ತು ಪಾಸು ಮಾಡಿದ ಮಸೂದೆಗೆ ರಾಜರು ‘ಕಾನ್‌ಸ್ಟಿಟ್ಯೂಷನಲಿ’ ಇಲ್ಲ ಅನ್ನುವ ಹಾಗಿಲ್ಲ ಅಂದರು. ‘ಎಷ್ಟನೇ ವಿಧಿಯಮ್ಮ?’ ಅಂತ ಮಾವ ಕೇಳಿದರು. ವಿಧಿ ಇಲ್ಲ! ಕೊನೆಯ ಸಲ ಹಾಗೆ ಇಲ್ಲ ಅಂದದ್ದು ಆನ್ ರಾಣಿ, 1708ರಲ್ಲಿ. ಅಲ್ಲಿಂದೀಚೆಗೆ ಯಾರೂ ಅಂದಿಲ್ಲ, ಅದಕ್ಕೇ ಅನ್ನುವ ಹಾಗಿಲ್ಲ. ‘ಓ, ನಡೆದುಕೊಂಡು ಬಂದದ್ದು’ ಅಂದರು ಮಾವ. ಅದಕ್ಕಿಂತ ಒಳ್ಳೆ ಅನುವಾದ ನಾನು ನೋಡಿಲ್ಲ.

ಇಲ್ಲಿ ಒಂದು ಕೆಲಸ ‘ಅನ್‌ಕಾನ್‌ಸ್ಟಿಟ್ಯೂಷನಲ್’ ಅಂದರೆ ಅದು ಕಾನೂನುಬಾಹಿರ ಅಂತಲೇ ಆಗಬೇಕಿಲ್ಲ. ವಾಡಿಕೆ ಮುರಿದದ್ದು ಅಂತಲೂ ಆಗಬಹುದು. 2019ರ ಸೆಪ್ಟೆಂಬರಿನಲ್ಲಿ ಸಂಸತ್ತನ್ನು ಮುಂದೂಡಿದ್ದರ ವಿರುದ್ಧ ಇಲ್ಲಿಯ ಸುಪ್ರೀಂ ಕೋರ್ಟಿನ ಹನ್ನೊಂದು ಮಂದಿ ಒಮ್ಮತದಿಂದ ತೀರ್ಪು ಕೊಟ್ಟಾಗ ಹೇಳಿದ್ದು ‘ಅನ್‌ಲಾಫುಲ್’ ಅಂತ, ಅಂದರೆ ಕಾನೂನಿಗೆ ವಿರುದ್ಧ. ಅವತ್ತು ಅದನ್ನು ‘ಅಸಾಂವಿಧಾನಿಕ’ ಅಂತ ಕನ್ನಡ ಮಾಡಿದವರೂ ಇದ್ದರು. ನಮ್ಮಲ್ಲಿ ಸಂವಿಧಾನಕ್ಕೆ ವಿರುದ್ಧ ಅಂದರೆ ಆ ಕಾನೂನೇ ಬಿದ್ದುಹೋಗುತ್ತದೆ. ಇಲ್ಲಿ ಪದ ಅಷ್ಟು ಗಟ್ಟಿ ಅಲ್ಲ.

ಅರಳಿಕಟ್ಟೆ:
ನನಗೆ ಒಂದು ಸಣ್ಣ ಅನುಮಾನ. ‘ಸಂವಿಧಾನದ ಪ್ರಕಾರ ಭಾರತಕ್ಕೆ ರಾಷ್ಟ್ರಭಾಷೆ ಇಲ್ಲ’ ಅಂತ ಬರೆಯುತ್ತೇವಲ್ಲ, ಅದು ಸರಿಯಾ?

ಕೆಂಪುಪೆನ್ನು:
‘ಪ್ರಕಾರ’ ಅಂದರೆ ಸಂವಿಧಾನ ಹಾಗಂತ ಒಂದು ಮಾತು ಹೇಳಿದೆ ಅನ್ನಿಸುತ್ತದೆ. ಅದು ಹಾಗೆ ಹೇಳಿಲ್ಲ. ಆ ಪದವನ್ನೇ ಎತ್ತಿಲ್ಲ. 343ನೇ ವಿಧಿಯಲ್ಲಿ ಇರುವುದು ಕೇಂದ್ರದ ಆಡಳಿತ ಭಾಷೆಯ ವಿಚಾರ. ಹಾಗಾಗಿ ‘ಸಂವಿಧಾನದಲ್ಲಿ ರಾಷ್ಟ್ರಭಾಷೆ ಅನ್ನುವ ಮಾತೇ ಇಲ್ಲ’ ಅನ್ನಿ. ಸಪ್ತಮಿ ವಿಭಕ್ತಿ ಸಾಕು. ವಾದ ಮಾಡಲು ಬಂದವರಿಗೂ ಇದು ಗಟ್ಟಿ ಉತ್ತರ.

ಡಾಕ್ಟರಮ್ಮ ಹುಬ್ಬಳ್ಳಿ:
ಆ ಸುಳ್ಳು ಹೇಳಲಾರದ ಅಧ್ಯಕ್ಷರನ್ನು ಎಲ್ಲರೂ ಮರೆತೇಬಿಟ್ಟಿರಿ. ಅವರ ಹತ್ತಿರ ನಾನು ಬರುತ್ತೇನೆ.

ನಮ್ಮ ವೈದ್ಯಕೀಯದಲ್ಲಿ ‘ಕಾನ್‌ಸ್ಟಿಟ್ಯೂಷನ್’ ಅಂದರೆ ಮೈ ಕಟ್ಟಿರುವ ರೀತಿ, ದೇಹಪ್ರಕೃತಿ. ಪದದ ಮೂಲ ಲ್ಯಾಟಿನ್, ಕಟ್ಟಿ ನಿಲ್ಲಿಸು ಅಂತ ಅರ್ಥ. ದೇಶವನ್ನು ಕಟ್ಟಿ ನಿಲ್ಲಿಸಿದರೂ ಅದೇ, ದೇಹ ಕಟ್ಟಿಕೊಂಡು ಬಂದರೂ ಅದೇ. ಜ್ವರ, ಸುಸ್ತು, ತೂಕ ಇಳಿಯುವುದು, ಹೀಗೆ ಒಂದು ಅಂಗಕ್ಕೆ ಸೇರದೆ ಇಡೀ ಮೈಗೆ ಬರುವ ಲಕ್ಷಣಗಳಿಗೆ ನಾವು ಕಾನ್‌ಸ್ಟಿಟ್ಯೂಷನಲ್ ಅನ್ನುತ್ತೇವೆ.

ಹದಿನಾಲ್ಕು ವರ್ಷದ ಹುಡುಗನೊಬ್ಬನನ್ನು ಅಪ್ಪ ಕರೆದುಕೊಂಡು ಬಂದಿದ್ದರು. ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ. ಎಡಗೈಯ ಎಕ್ಸ್‌ರೇ ತೆಗೆಸಿದರೆ ಮೂಳೆಯ ವಯಸ್ಸು ಎರಡು ವರ್ಷ ಹಿಂದೆ ಇತ್ತು. ಬೇರೆ ತೊಂದರೆ ಏನೂ ಇಲ್ಲ. ಹಿಂದೆ ತೋರಿಸಿದ್ದ ಕಡೆ ಚೀಟಿಯಲ್ಲಿ ‘ಕಾನ್‌ಸ್ಟಿಟ್ಯೂಷನಲ್ ಡಿಲೇ’ ಅಂತ ಬರೆದಿದ್ದರು. ಅಪ್ಪ ಅದನ್ನು ಫೋನಿನಲ್ಲಿ ಅನುವಾದ ಮಾಡಿಸಿದ್ದರು. ‘ಸಾಂವಿಧಾನಿಕ ವಿಳಂಬ’ ಅಂತ ಬಂದಿತ್ತು. ಆ ಮನುಷ್ಯ ಮೂರು ದಿನ ಊಟ ಸರಿಯಾಗಿ ಮಾಡಿರಲಿಲ್ಲ. ‘ಇದು ಯಾವ ರೋಗರೀ ಮೇಡಂ?’ ಅಂತ ಕೇಳಿದಾಗ ದನಿ ನಡುಗುತ್ತಿತ್ತು. ‘ರೋಗ ಅಲ್ಲ, ಇವನದು ನಿಧಾನಕ್ಕೆ ಬೆಳೆಯುವ ಮೈ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ತಡವಾಗಿ ಬೆಳೆದವರು ಇದ್ದಾರಾ?’ ಅಂದೆ. ಅವರು ಒಂದು ನಿಮಿಷ ಸುಮ್ಮನಿದ್ದು, ‘ನಾನೇರೀ. ಪಿಯುಸಿಗೆ ಬಂದ ಮೇಲೆ ಎತ್ತರ ಆದೆ’ ಅಂದರು. ಮಗ ಮೊದಲ ಸಲ ಅಪ್ಪನ ಮುಖ ನೋಡಿ ನಕ್ಕ.

ಹಾಗಾಗಿ ಈ ಪದ ಬಂದಾಗ ಸಂವಿಧಾನಕ್ಕೆ ಕೈ ಹಾಕುವ ಮುಂಚೆ ಅದು ದೇಶದ ಮಾತೋ, ದೇಹದ ಮಾತೋ ನೋಡಿ.

ಕೆಂಪುಪೆನ್ನು:
ಡಾಕ್ಟರಮ್ಮ, ಕಣ್ಣು ತೇವ ಆಯಿತು. ಅಧ್ಯಕ್ಷರ ಸಾಲಿಗೆ ನಮ್ಮಲ್ಲಿ ಅಚ್ಚುಕಟ್ಟಾದ ಪದ ಇದೆ: ಜಾಯಮಾನ. ‘ಸುಳ್ಳು ಹೇಳುವುದು ಅವರ ಜಾಯಮಾನದಲ್ಲೇ ಇಲ್ಲ.’ ಹುಟ್ಟುತ್ತಿರುವುದು ಅಂತ ಸಂಸ್ಕೃತದಲ್ಲಿ ಅರ್ಥ, ಆದರೆ ಅದನ್ನು ಹೀಗೆ ಬಳಸುವುದು ಪೂರ್ತಿ ನಮ್ಮದು. ಹಳ್ಳಿಯಲ್ಲೂ ಅನ್ನುತ್ತಾರೆ, ಸಂಪಾದಕೀಯದಲ್ಲೂ ಬರುತ್ತದೆ. ಹುಟ್ಟುಗುಣ ಅಂದರೂ ಆಗುತ್ತದೆ, ಆದರೆ ಅದಕ್ಕೆ ‘ಸುಟ್ಟರೂ ಹೋಗದು’ ಅನ್ನುವ ಗಾದೆಯ ನೆರಳು ಇದೆ. ಕೆಟ್ಟ ಗುಣಕ್ಕೇ ಜಾಸ್ತಿ ಬಳಕೆ. ಒಳ್ಳೆಯವರಿಗೆ ಜಾಯಮಾನವೇ ಇರಲಿ. ಮೈಯ ವಿಚಾರಕ್ಕೆ ‘ಪ್ರಕೃತಿ’. ಉಷ್ಣ ಪ್ರಕೃತಿ, ಶೀತ ಪ್ರಕೃತಿ ಅಂತ ನಮ್ಮ ಅಜ್ಜಿಯರು ದಿನಾ ಅನ್ನುತ್ತಿದ್ದದ್ದೇ.

ಅರಳಿಕಟ್ಟೆ:
ನನ್ನ ಮಗಳು ಬಯಾಲಜಿ ಓದುತ್ತಾಳೆ. ಅವಳ ಪುಸ್ತಕದಲ್ಲಿ ‘ಕಾನ್‌ಸ್ಟಿಟ್ಯೂಟಿವ್ಲಿ’ ಅಂತ ಇದೆ. ಅದೂ ಇದೇನಾ?

ಡಾಕ್ಟರಮ್ಮ ಹುಬ್ಬಳ್ಳಿ:
ಅಲ್ಲ, ಅದು ಬೇರೆ. ಯಾರೂ ಆನ್ ಮಾಡದೆ ಸದಾ ಕೆಲಸ ಮಾಡುತ್ತಲೇ ಇರುವ ಜೀನ್‌ಗಳ ಬಗ್ಗೆ ಹೇಳುವ ಪದ. ‘ಯಾವಾಗಲೂ’ ಅಂದರೆ ಸಾಕು.

ವೇದಾವತಿ:
ಎರಡು ದಿನ ಬರಲಾಗಲಿಲ್ಲ, ಕ್ಷಮಿಸಿ. ಹದಿನೇಳೂ ಸಾಲುಗಳನ್ನು ಮತ್ತೆ ಬರೆದೆ. ‘ಸಾಂವಿಧಾನಿಕವಾಗಿ’ ಈಗ ಒಂದು ಕಡೆಯೂ ಇಲ್ಲ. ಆ ಪದದ ಮೇಲೆ ನನಗೆ ಕೋಪ ಇಲ್ಲ, ಆ ಪುಸ್ತಕದಲ್ಲಿ ಅದಕ್ಕೆ ಜಾಗ ಬೇಕಾಗಲಿಲ್ಲ ಅಷ್ಟೇ. ಗ್ರಾಮಸಭೆಯ ವಿಚಾರವನ್ನು ಇಂಗ್ಲಿಷ್ ಮೂಲ ಬರೆದವರಿಗೆ ತಿಳಿಸಿದೆ. ಅವರೂ ಒಪ್ಪಿ ತಿದ್ದಿಕೊಂಡರು.

ನಿನ್ನೆ ಚಿಕ್ಕಮ್ಮನಿಗೆ ಮತ್ತೆ ಓದಿದೆ. ‘ಪಂಚಾಯಿತಿ ಇರಲೇಬೇಕು ಅಂತ ಸಂವಿಧಾನವೇ ಹೇಳಿದೆ. ಐದು ವರ್ಷಕ್ಕಿಂತ ಜಾಸ್ತಿ ಯಾವ ಪಂಚಾಯಿತಿಯೂ ಇರುವ ಹಾಗಿಲ್ಲ. ಅಷ್ಟರೊಳಗೆ ಮುಂದಿನ ಚುನಾವಣೆ ಮುಗಿಯಬೇಕು. ಗ್ರಾಮಸಭೆಯ ಅಧಿಕಾರ ಏನೇನು ಅಂತ ರಾಜ್ಯದ ಕಾನೂನು ಹೇಳುತ್ತದೆ.’ ಅವರು ಕೇಳಿ, ‘ಆ ಕಾನೂನಿನ ಪುಸ್ತಕ ಎಲ್ಲಿ ಸಿಗುತ್ತೆ?’ ಅಂದರು. ಸೋಮವಾರ ತಾಲ್ಲೂಕು ಆಫೀಸಿನ ಹತ್ತಿರ ಹೋಗುತ್ತಿದ್ದೇವೆ, ಅಲ್ಲಿಯ ಅಂಗಡಿಯಲ್ಲಿ ವಿಚಾರಿಸಬೇಕು.

ಹಳೇಮಂಡಲ:
ತಂಗಿ, ಅಂಗಡಿಯಲ್ಲಿ ಸಿಗದಿದ್ದರೆ ಹೇಳಿ. ನನ್ನ ಹತ್ತಿರ 1993ರ ಕಾಯ್ದೆಯ ಕನ್ನಡ ಪ್ರತಿ ಇದೆ. ಬೈಂಡು ಬಿಟ್ಟಿದೆ, ಹಾಳೆ ಎಲ್ಲಾ ಇವೆ. ಆಮೇಲೆ ಬಂದ ತಿದ್ದುಪಡಿಗಳನ್ನು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಚಿಕ್ಕಮ್ಮನವರಿಗೆ ಕಳಿಸಿಕೊಡುತ್ತೇನೆ.